ಐವತ್ತು ನಿಮಿಷದ ಹುಬ್ಬಳ್ಳಿ

ಮಂಗಳೂರು ವಿಮಾನ ನಿಲ್ದಾಣದಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ಆಕಾಶದಲ್ಲಿ ಸುಮಾರು 267 ಕಿಲೋಮೀಟರ್. ಹಾರಾಟದ ಸಮಯ 50 ನಿಮಿಷ. ಮೊಬೈಲಿನಲ್ಲಿ ಎರಡು ಊರಿನ ಹೆಸರು ಒತ್ತಿದರೆ ಸಾಕು, ಥಟ್ಟನೆ ಹೇಳಿಬಿಡುತ್ತದೆ. ಆ ದಿನ ವಿಮಾನ ಉಂಟೋ ಇಲ್ಲವೋ ಎಂಬ ಕ್ಷುಲ್ಲಕ ವಿಚಾರಕ್ಕೆ ಮಾತ್ರ ಅದು ತಲೆ ಹಾಕುವುದಿಲ್ಲ.

ಲೆಕ್ಕ ಬಹಳ ಸುಲಭ ಮಾರಾಯ್ರೆ. ಗಂಟೆಗೆ 800 ಕಿಲೋಮೀಟರ್ ಅಂತ ಹಿಡಿದರೆ 20 ನಿಮಿಷ; ಏರಲಿಕ್ಕೆ, ಇಳಿಯಲಿಕ್ಕೆ ಎಂದು ಕಣ್ಣಂದಾಜಿಗೆ ಇನ್ನೊಂದು ಅರ್ಧ ಗಂಟೆ. ಆದರೆ ಇಂಥ ಹತ್ತಿರದ ಊರುಗಳಿಗೆ ಹೆಚ್ಚಾಗಿ ಹಾಕುವುದು ಎಟಿಆರ್ 72, ರೆಕ್ಕೆಗೆ ಫ್ಯಾನು ಸಿಕ್ಕಿಸಿದ ವಿಮಾನ. ಅದು ಏದುಸಿರು ಬಿಟ್ಟು ಓಡಿದರೂ ಗಂಟೆಗೆ 500ರ ಆಸುಪಾಸು.

ಇನ್ನು ದಿಕ್ಕಿನ ಕತೆ. ಹುಬ್ಬಳ್ಳಿ ನಮಗೆ ನೆಟ್ಟಗೆ ಉತ್ತರಕ್ಕೆ. ನಮ್ಮ ನಿಲ್ದಾಣವಿರುವ ಕೆಂಜಾರಿನ ಗುಡ್ಡದ ನೆತ್ತಿಯ ರನ್‌ವೇ ಮಾತ್ರ ಈಶಾನ್ಯದಿಂದ ನೈಋತ್ಯಕ್ಕೆ ಮಲಗಿದೆ; ಹುಬ್ಬಳ್ಳಿಯದ್ದು ಹೆಚ್ಚುಕಡಿಮೆ ಪೂರ್ವ ಪಶ್ಚಿಮ. ಸಾಲದ್ದಕ್ಕೆ ಗಾಳಿಗೆ ಎದುರಾಗಿಯೇ ಏರಬೇಕು, ಎದುರಾಗಿಯೇ ಇಳಿಯಬೇಕು. ಹಾಗಾಗಿ ಉತ್ತರಕ್ಕೆ ಹೊರಟ ವಿಮಾನ ಒಮ್ಮೊಮ್ಮೆ ಮೊದಲು ಸಮುದ್ರದ ಕಡೆ ಮುಖ ಮಾಡುತ್ತದೆ. ಮದುವೆ ಕರೆಯಲು ಹೊರಟವರು ದಾರಿಯ ಮನೆಗಳಿಗೆಲ್ಲ ಹೊಕ್ಕು ಬಂದ ಹಾಗೆ.

ನೆಲದ ಮೇಲಿನ ಸಮಯವನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೌಂಟರು ವಿಮಾನಕ್ಕಿಂತ ಒಂದು ಗಂಟೆ ಮೊದಲೇ ಮುಚ್ಚುತ್ತದೆ ಎಂದರೆ, ನನ್ನ ಹೆಂಡತಿಯ ಪ್ರಕಾರ ಮೂರು ಗಂಟೆ ಮೊದಲು ಅಲ್ಲಿರಬೇಕು. ಹಾಗೆ ಹೋಗಿ ಕೂತರೆ, ಹಪ್ಪಳದ ಕಟ್ಟಿನ ಮೇಲೆ ಕೈಯಿಟ್ಟುಕೊಂಡು ಬೋರ್ಡು ನೋಡುವ ಕೆಲಸ. 50 ನಿಮಿಷ ಅಲ್ಲಿಯೇ ಮುಗಿದಿರುತ್ತದೆ.

ನಾನು ಹೊರಟ ದಿನ ನೇರ ವಿಮಾನ ಇರಲಿಲ್ಲ. ಬೆಂಗಳೂರಿನ ಮೇಲೆ ಹೋಗಬೇಕು: ಪೂರ್ವಕ್ಕೆ 300 ಚಿಲ್ಲರೆ ಕಿಲೋಮೀಟರ್, ಅಲ್ಲಿಂದ ವಾಯವ್ಯಕ್ಕೆ 370. ಒಟ್ಟು 267ರ ಎರಡೂವರೆ ಪಟ್ಟು. ದೇವನಹಳ್ಳಿಯಲ್ಲಿ ಎರಡನೆಯ ವಿಮಾನಕ್ಕೆ ಕಾಯುತ್ತ, ಕಾಫಿಯ ಬೆಲೆ ನೋಡಿ ನೀರು ಕುಡಿಯುತ್ತಿದ್ದಾಗ ಹುಬ್ಬಳ್ಳಿಯ ಸೋದರಮಾವನ ಫೋನು.

“ಎಲ್ಲಿ ಅದೀಪಾ?”

“ಬೆಂಗಳೂರಲ್ಲಿ, ಮಾವ.”

“ನಾ ಹಬ್ಬಕ್ಕ ಕರದದ್ದು ಹುಬ್ಬಳ್ಳಿಗೆ ಅಲ್ಲೇನೋ?”

ವಿವರಿಸಿದೆ. ರನ್‌ವೇ, ಗಾಳಿ, ವಾಯವ್ಯ ಎಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು.

“ಅಲ್ಲೋ, ನಿನ್ನೆ ರಾತ್ರಿ ಬಸ್ ಹತ್ತಿ ಮಕ್ಕೊಂಡಿದ್ರ ಅಂಕೋಲಾ, ಅರಬೈಲ್ ಘಾಟ, ಯಲ್ಲಾಪುರ ದಾಟಿ ನಸುಕಿನ್ಯಾಗ ಮನಿ ಬಾಗಲಾಗ ಇರ್ತಿದ್ದಿ. ನಿಮ್ಮತ್ತಿ ಮಾಡಿದ ಉಪ್ಪಿಟ್ಟು ಆರಿ ಕಲ್ಲಾಗೇತಿ.”

“ಟಿಕೆಟ್ ಮಾಡಿ ಆಗಿತ್ತಲ್ಲ ಮಾವ...”

“ಇರ್ಲಿ ಬಿಡು. ಅಳಿಯ ಇಮಾನದಾಗ ಬರಾಕತ್ತಾನಂತ ಓಣಿಗೆಲ್ಲಾ ಹೇಳಿ ಬಿಟ್ಟೇನಿ. ಬ್ಯಾಗಿಗೆ ಅವ್ರು ಕಟ್ಟಿದ ಚೀಟಿ ಐತಲ್ಲ, ಅದನ್ನ ಮಾತ್ರ ಹರೀಬ್ಯಾಡ. ಆಟೋದಾಗಿಂದ ಇಳಿಯೂ ಮುಂದ ಅದು ಮಂದಿಗೆ ಕಾಣೂ ಹಂಗ ಹಿಡ್ಕೊಂಡ ಬಾ.”