ಪಾಲಾಗದ ಯಜಮಾನರ ಜೊತೆ ಮಾತುಕತೆ

ಹೆಸರು 2147483647. ಅಂದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಪೂರ್ತಿ ಹೆಸರು ಹಿಡಿದು ಕರೆದರಷ್ಟೇ ಓಗೊಡುತ್ತಾರೆ. ‘ಹತ್ತಿರ ಹತ್ತಿರ ಇನ್ನೂರ ಹದಿನೈದು ಕೋಟಿ’ ಅಂದರೆ ಮುಖ ತಿರುಗಿಸುತ್ತಾರೆ.

ಪ್ರಶ್ನೆ: ಯಜಮಾನರೇ, ತಮ್ಮ ಮನೆತನ?

ಉತ್ತರ: ತಾತ 5, ತಂದೆ 31. ಅಪ್ಪ ಎಷ್ಟೋ ಅಷ್ಟು ಸಲ ಎರಡನ್ನು ಬರೆದು ಗುಣಿಸಿ, ಒಂದು ಕಳೆದರೆ ಮಗ. ಮೂವರೂ ಅವಿಭಾಜ್ಯರು. ನಮ್ಮ ಮನೆಯಲ್ಲಿ ಪಾಲುಪಟ್ಟಿಯ ಮಾತೇ ಎದ್ದಿಲ್ಲ.

ಪ್ರಶ್ನೆ: ಅದೇ ಲೆಕ್ಕದಲ್ಲಿ ತಮಗೂ ಒಬ್ಬ ಮಗ ಇರಬೇಕಲ್ಲ?

ಉತ್ತರ: ಇದ್ದಾನೆ. 64 ಕೋಟಿಗೂ ಹೆಚ್ಚು ಅಂಕಿಗಳ ಆಳು. ಆದರೆ 295257526626031 ಅನ್ನುವವನು ಬಂದು ಭಾಗ ಕೇಳಿದ. ನಮ್ಮ ಹುಡುಗ ಶೇಷವನ್ನೂ ಉಳಿಸಿಕೊಳ್ಳದೆ ಕೊಟ್ಟುಬಿಟ್ಟ. ಮುಂದಿನ ಪ್ರಶ್ನೆ ಕೇಳಿ.

ಪ್ರಶ್ನೆ: ತಾವು ಅವಿಭಾಜ್ಯ ಅಂತ ಸರ್ಟಿಫಿಕೇಟು ಕೊಟ್ಟವರು ಯಾರು?

ಉತ್ತರ: ಆಯ್ಲರ್, 1772ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಬರೆದ ಪತ್ರದಲ್ಲಿ. ಆಗ ಅವರಿಗೆ ಕಣ್ಣು ಬಹುಪಾಲು ಹೋಗಿತ್ತು. ನನ್ನ ವರ್ಗಮೂಲ 46340ರ ಆಚೆ ಚೂರು. ಅಲ್ಲಿಯವರೆಗಿನ ಅವಿಭಾಜ್ಯಗಳನ್ನೆಲ್ಲ ಹಚ್ಚಿ ನೋಡಿದ್ದರೆ 4,700ಕ್ಕೂ ಮೀರಿದ ಭಾಗಾಕಾರ. ಅವರು ಮೊದಲೇ ಸೋಸಿದರು: ನನ್ನನ್ನು ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಉಳಿಯುವುದು 1 ಅಥವಾ 63 ಮಾತ್ರ. ಆ ಲಕ್ಷಣದವು 372ಕ್ಕಿಂತ ಹೆಚ್ಚಿಲ್ಲ. ಬಂದವರೆಲ್ಲ ಶೇಷ ಹೊತ್ತುಕೊಂಡು ವಾಪಸ್ ಹೋದರು.

(ಈಗಿನ ಮೊಬೈಲು ಇಷ್ಟನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. 248 ಹೊಳೆದದ್ದು ಮಾತ್ರ ಅದಕ್ಕಲ್ಲ.)

ಪ್ರಶ್ನೆ: ಆಮೇಲೆ ಬಹಳ ಮರ್ಯಾದೆ ಸಿಕ್ಕಿರಬೇಕು.

ಉತ್ತರ: ಸಿಕ್ಕಿತು, ಪೀಟರ್ ಬಾರ್ಲೋ ಬರುವವರೆಗೆ. ನನ್ನಿಂದ ಹುಟ್ಟಿದ ಪರಿಪೂರ್ಣ ಸಂಖ್ಯೆ 2305843008139952128. ಅದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಅಂತ ಆ ಇಂಗ್ಲಿಷ್ ಪಂಡಿತ 1811ರ ಪುಸ್ತಕದಲ್ಲಿ ಬರೆದ. ಹಿಗ್ಗುವಷ್ಟರಲ್ಲಿ ಕಾರಣವನ್ನೂ ಕೊಟ್ಟ: ಇವು ಬರೀ ಕುತೂಹಲದ ವಸ್ತು, ಉಪಯೋಗವಿಲ್ಲ! ಜನ ಹುಡುಕುವುದನ್ನು ಬಿಟ್ಟರೇ? 2024ರಲ್ಲಿ ನಮ್ಮ ಪೈಕಿಯವನೇ ಒಬ್ಬ ಸಿಕ್ಕ, 4 ಕೋಟಿ 10 ಲಕ್ಷ ಅಂಕಿ. ಅವನಿಂದಲೂ ಯಾರ ಮನೆಯ ಒಲೆಯೂ ಉರಿದಿಲ್ಲ.

ಪ್ರಶ್ನೆ: ತಾವಾದರೂ ಕಂಪ್ಯೂಟರಿನಲ್ಲಿ ಉಪಯೋಗಕ್ಕೆ ಬಂದಿರಲ್ಲ?

ಉತ್ತರ: ಅವಿಭಾಜ್ಯ ಅಂತ ಕರೆದರೆಂದುಕೊಂಡಿರಾ? ದ್ವಿಮಾನದಲ್ಲಿ ನಾನು ಸಾಲಾಗಿ ನಿಂತ 31 ಒಂದುಗಳು. ಚಿಹ್ನೆಗೆ ಒಂದು ಜಾಗ ಬಿಟ್ಟರೆ 32 ಬಿಟ್ ಭರ್ತಿ. ಅದಕ್ಕೇ ಗೇಟಿನಲ್ಲಿ ನಿಲ್ಲಿಸಿದರು. ಯೂಟ್ಯೂಬಿನ ಎಣಿಕೆಯ ಮಿತಿಯೂ ನಾನೇ ಆಗಿದ್ದೆ. 2014ರ ಡಿಸೆಂಬರಿನಲ್ಲಿ ‘ಗ್ಯಾಂಗ್ನಮ್ ಸ್ಟೈಲ್’ ಅನ್ನುವ ಕೊರಿಯಾದ ಹಾಡು ನನ್ನನ್ನು ದಾಟಿಹೋಯಿತು. ನನ್ನ ಜಾಗಕ್ಕೆ ಬಂದವನು 9223372036854775807. ಮೈಕಟ್ಟು ನೋಡಿದರೆ ಭಯವಾಗಬೇಕು. 7ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 7ರಿಂದ ಭಾಗಿಸಿ, ಆಗಲೂ ತೆಪ್ಪಗಿರುತ್ತಾನೆ. ಹುದ್ದೆ ಕೊಡುವಾಗ ಯಾರೂ ಭಾಗಿಸಿ ನೋಡಲಿಲ್ಲ.

ಪ್ರಶ್ನೆ: 2038ರ ಜನವರಿ 19?

ಉತ್ತರ: 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಿರುವ ಹಳೆಯ ಯಂತ್ರಗಳು ನನ್ನ ಹತ್ತಿರ ಬರುವುದು ಅವತ್ತು, ಭಾರತದ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅಷ್ಟರಲ್ಲಿ ರಿಪೇರಿ ಆಗದವು ಮರುಕ್ಷಣ 1901ರ ಡಿಸೆಂಬರಿಗೆ ಜಾರುತ್ತವೆ.

ಪ್ರಶ್ನೆ: ಆ ಗೊಂದಲಕ್ಕೆ ಹೊಣೆ ಯಾರು?

ಉತ್ತರ: ನನ್ನ ಡ್ಯೂಟಿ ಒಂದೇ ಸೆಕೆಂಡು, ಅದು ಸುಸೂತ್ರವಾಗಿ ನಡೆಯುತ್ತದೆ. ಮಿಕ್ಕಿದ್ದನ್ನು ಪಕ್ಕದ ಮನೆಯ 2147483648ನ್ನು ಕೇಳಿ. ಎರಡರಿಂದಲೇ 31 ಸಲ ಮುರಿಯುವ ಆಸಾಮಿ. ಜೋರು ಮಾಡಿದರೆ ಎಲ್ಲ ಒಪ್ಪಿಕೊಳ್ಳುತ್ತಾನೆ.