ಬೆಕ್ಕಿನ ಚಿನ್ನ, ಕಾಗೆ ಬಂಗಾರ

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೂತು ಊರವರ ಒಡವೆ ತೂಗಿಸಿದವನು ನಾನು. ಚಿನ್ನದ ಸಾಲದ ಕೌಂಟರಿಗೆ ಬಂದವರೆಲ್ಲ ಕರವಸ್ತ್ರದ ಗಂಟು ಬಿಚ್ಚುತ್ತ ಹೇಳುತ್ತಿದ್ದ ಮೊದಲ ಮಾತು ಒಂದೇ: "ನಮ್ಮಜ್ಜಿ ಕಾಲದ್ದು ಸಾರ್." ತಕ್ಕಡಿಗೆ ಯಾರ ಅಜ್ಜಿಯ ಪರಿಚಯವೂ ಇರುವುದಿಲ್ಲ. ಹೀಗೆ ಪಳಗಿ ನಿವೃತ್ತನಾದ ನನ್ನನ್ನು ಅರಿಜೋನಾದಲ್ಲಿರುವ ಮಗ ಕರೆಸಿಕೊಂಡ. ಫೆಬ್ರುವರಿಯ ಒಂದು ಶನಿವಾರ ಬೆಳಿಗ್ಗೆ, "ಅಪ್ಪಾ, ಇವತ್ತು ಚಿನ್ನದ ಗಣಿ ಇರೋ ಬೆಟ್ಟಕ್ಕೆ ಹೋಗೋಣ" ಅಂದ.

"ಗಣಿ ಯಾರ ಹೆಸರಲ್ಲಿದೆ?" ಎಂದೆ. ಅಭ್ಯಾಸಬಲ.

"ಎಲ್ಲಿದೆ ಅಂತಲೇ ಯಾರಿಗೂ ಗೊತ್ತಿಲ್ಲಪ್ಪ. ಕಳೆದುಹೋಗಿದೆ."

"ಯಾವಾಗಿಂದ?"

"1891ರಿಂದ."

ನನ್ನ ಹೆಂಡತಿ ಏನೂ ಕೇಳದೆ ಒಳಗೆ ಹೋಗಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದಳು. ಕಳೆದದ್ದನ್ನು ಹುಡುಕಲು ಹೊರಟ ಗಂಡಸರಿಗೆ ಹಸಿವು ಜಾಸ್ತಿ ಎನ್ನುವುದು ಅವಳ ಅನುಭವ; ನನ್ನ ಕನ್ನಡಕದ ದೆಸೆಯಿಂದ ಬಂದದ್ದು.

ಫೀನಿಕ್ಸ್ ನಗರದಿಂದ ಪೂರ್ವಕ್ಕೆ ಒಂದು ಗಂಟೆ ದಾರಿ. ಬೋಳು ಬಯಲಿನ ಕೊನೆಗೆ ಯಾರೋ ಗೋಡೆ ಎಬ್ಬಿಸಿ ಮೇಲ್ಗಡೆ ಇಲಿ ಕಡಿಸಿಟ್ಟ ಹಾಗೆ ಒಂದು ಬೆಟ್ಟಸಾಲು. ಹೆಸರು ಸೂಪರ್‌ಸ್ಟಿಷನ್ ಬೆಟ್ಟ, ಅಂದರೆ ಸಾಕ್ಷಾತ್ ಮೂಢನಂಬಿಕೆ ಬೆಟ್ಟ. ಹೆಸರಲ್ಲೇ ಇಷ್ಟು ಸ್ಪಷ್ಟವಾಗಿ ಎಚ್ಚರಿಕೆ ಕೊಟ್ಟ ಬೆಟ್ಟವನ್ನು ನಾನು ಬೇರೆಲ್ಲೂ ಕಂಡಿಲ್ಲ. ದಾರಿಯುದ್ದಕ್ಕೂ ಸಗ್ವಾರೋ ಕಳ್ಳಿಗಳು, ಬ್ಯಾಂಕಿಗೆ ದರೋಡೆಕೋರರು ನುಗ್ಗಿದಾಗ ಗುಮಾಸ್ತರು ನಿಲ್ಲುವ ಭಂಗಿಯಲ್ಲಿ ಕೈ ಮೇಲೆತ್ತಿ ನಿಂತಿದ್ದವು. ಒಂದು ಕೈ ಮೂಡಬೇಕಾದರೆ ಈ ಗಿಡಕ್ಕೆ ಐವತ್ತು ವರ್ಷ ದಾಟಬೇಕಂತೆ. ನಮ್ಮ ಕಾಲದ ಬಡ್ತಿಯೇ ವಾಸಿ.

ಕತೆ ಹೀಗಿದೆ. ಜೇಕಬ್ ವಾಲ್ಟ್ಸ್ ಎಂಬಾತ ಸುಮಾರು 1810ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಹುಟ್ಟಿದವನು. ಅಮೆರಿಕಕ್ಕೆ ಬಂದು, ಚಿನ್ನ ಇದೆ ಅಂದ ಕಡೆಯೆಲ್ಲ ಅಗೆದು, 1861ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೌರತ್ವ ಪಡೆದು, ಕೊನೆಗೆ ಫೀನಿಕ್ಸ್‌ನಲ್ಲಿ ಹೊಲ ಮಾಡಿಕೊಂಡು ನೆಲೆ ನಿಂತ. ಜರ್ಮನ್ನರು ತಮ್ಮನ್ನು 'ಡಾಯ್ಚ್' ಎಂದುಕೊಂಡರೆ ಅಮೆರಿಕನ್ನರ ಕಿವಿಗೆ ಅದು 'ಡಚ್' ಎಂದು ಬಿತ್ತು. ಹಾಗಾಗಿ ಜಗತ್ತಿನ ಅತ್ಯಂತ ಪ್ರಸಿದ್ಧ ಕಳೆದುಹೋದ ಗಣಿಗೆ 'ಲಾಸ್ಟ್ ಡಚ್‌ಮನ್' ಎಂದು ಹೆಸರು. ಕಳೆದದ್ದು ಡಚ್ಚನೂ ಅಲ್ಲ, ಅವನು ಡಚ್ಚನೇ ಅಲ್ಲ. ಅರ್ಜಿಯ ಮೊದಲ ಕಾಲಮ್ಮಿನಲ್ಲೇ ಹೆಸರು ತಪ್ಪಿದ ಕಡತ ಮುಂದೆ ಸರಿಯಾಗುವುದುಂಟೇ?

ಹೊಲದ ಈ ಜರ್ಮನ್ ಆಗಾಗ ಮೂಢನಂಬಿಕೆ ಬೆಟ್ಟಕ್ಕೆ ಹೋಗಿ ಶುದ್ಧ ಚಿನ್ನದ ಅದಿರು ತರುತ್ತಿದ್ದ, ಹಿಂಬಾಲಿಸಿದವರಿಗೆ ಕಣಿವೆಗಳಲ್ಲಿ ಚಳ್ಳೆಹಣ್ಣು ತಿನ್ನಿಸುತ್ತಿದ್ದ ಎಂದು ಜನ ಹೇಳುತ್ತಾರೆ. ಗಣಿ ಮೊದಲು ಪೆರಾಲ್ಟಾ ಎಂಬ ಮೆಕ್ಸಿಕೋದ ಮನೆತನದ್ದು, ಅಪಾಚೆ ಬುಡಕಟ್ಟಿನವರು ಅವರನ್ನು ಕೊಂದು ಬಾಯಿ ಮುಚ್ಚಿದರು ಎಂಬುದೊಂದು ಕತೆ. ಅಪಾಚೆಗಳೇ ತಮಗೆ ಉಪಕಾರ ಮಾಡಿದ ವೈದ್ಯನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಚಿನ್ನದ ರಾಶಿಯ ಹತ್ತಿರ ಕರೆದೊಯ್ದರು ಎಂಬುದು ಇನ್ನೊಂದು. ಇವಕ್ಕೆಲ್ಲ ದಾಖಲೆ ಕೇಳಬಾರದು. ಕೇಳಿದೆ ಅಂತಲೇ ಮೊಮ್ಮಗ ನನ್ನ ಪಕ್ಕದ ಸೀಟಿನಿಂದ ಎದ್ದು ಅಜ್ಜಿಯ ಪಕ್ಕಕ್ಕೆ ಹೋದ.

ಇಲ್ಲೊಂದು ಮಾತು ಹೇಳಲೇಬೇಕು. ಅದೇ ಕಾಲದಲ್ಲಿ ಇನ್ನೊಬ್ಬ ಜರ್ಮನ್ ಪೂರ್ವಕ್ಕೆ ಹೊರಟು ಧಾರವಾಡ, ಮಂಗಳೂರು, ಮಡಿಕೇರಿ ಎಂದು ಅಲೆದ. ಅವನೂ ಹಗಲಿರುಳು ಅಗೆದ. ಸಿಕ್ಕಿದ್ದನ್ನು ಬಚ್ಚಿಡದೆ 1894ರಲ್ಲಿ ಅಷ್ಟನ್ನೂ ಅಚ್ಚು ಹಾಕಿಸಿ ನಮ್ಮ ಕೈಗಿತ್ತ. ಅವನೇ ಕನ್ನಡ ನಿಘಂಟಿನ ಕಿಟ್ಟೆಲ್, ಕಡೆಗಾಲದಲ್ಲಿ ಕಣ್ಣುಮುಚ್ಚಿದ್ದು ವಾಲ್ಟ್ಸ್ ಹುಟ್ಟಿದ ಅದೇ ವುರ್ಟೆಂಬರ್ಗ್ ಸೀಮೆಯ ಟ್ಯೂಬಿಂಗೆನ್ನಿನಲ್ಲಿ. ಒಂದೇ ದೇಶದ ಇಬ್ಬರು ಮುದುಕರ ಗಂಟು ತೂಗಿ ಸಾಲ ಕೊಡು ಎಂದರೆ ನಾನು ಯಾರಿಗೆ ಕೊಡುತ್ತಿದ್ದೆ ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

1891ರ ಫೆಬ್ರುವರಿಯಲ್ಲಿ ಸಾಲ್ಟ್ ನದಿ ಉಕ್ಕಿ ವಾಲ್ಟ್ಸ್‌ನ ಹೊಲಮನೆ ಕೊಚ್ಚಿಹೋಯಿತು. ನೆನೆದು ಜಡ್ಡು ಹಿಡಿದ ಮುದುಕನನ್ನು ಜೂಲಿಯಾ ಥಾಮಸ್ ಎಂಬ ಹೆಂಗಸು ಮನೆಗೆ ತಂದು ಆರೈಕೆ ಮಾಡಿದಳು. ಫೀನಿಕ್ಸ್‌ನಲ್ಲಿ ಅವಳದೊಂದು ಬೇಕರಿ ಇತ್ತು. ಆ ಅಕ್ಟೋಬರ್ 25ರಂದು ಮುದುಕ ತೀರಿಕೊಂಡ. ಸಾಯುವ ಮುನ್ನ ಗಣಿಯ ಗುರುತು ಹೇಳಿದನಂತೆ. ಮಂಚದ ಕೆಳಗೆ ಮೇಣದಬತ್ತಿಯ ಪೆಟ್ಟಿಗೆಯಲ್ಲಿ ಅದಿರೂ ಇತ್ತಂತೆ. ಪಾಪ, ಜೂಲಿಯಾ ಬೇಕರಿ ಮಾರಿ, ಇಬ್ಬರು ಜರ್ಮನ್ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು, 1892ರ ಆಗಸ್ಟ್‌ನಲ್ಲಿ ಬೆಟ್ಟ ಹತ್ತಿದಳು. ಆಗಸ್ಟ್! ಆ ಮರಳುಗಾಡಿನಲ್ಲಿ ಆಗಸ್ಟ್ ಎಂದರೆ ನೆರಳಿಗೂ ಬೆವರು ಬರುವ ಕಾಲ. ಕೆಲವು ವಾರ ಸುತ್ತಿ ಬರಿಗೈಯಲ್ಲಿ ಇಳಿದಳು. ಇಳಿದವಳು ಅಳುತ್ತ ಕೂರಲಿಲ್ಲ. ನಕ್ಷೆ ಬರೆದು ಒಂದೊಂದಕ್ಕೆ 7 ಡಾಲರ್‌ನಂತೆ ಮಾರಲು ಶುರು ಮಾಡಿದಳಂತೆ.

ಆ ಗಣಿಯ ದೆಸೆಯಿಂದ ಮೊದಲು ಕಾಸು ಕಂಡವಳು ಆಕೆಯೇ ಎಂದು ನನ್ನ ಲೆಕ್ಕ.

ಬೆಟ್ಟದ ಬುಡದ ಅಂಗಡಿಯೊಂದರಲ್ಲಿ ನಾನೂ ಒಂದು ನಕ್ಷೆ ಕೊಂಡೆ. 14 ಡಾಲರ್. ಅಂಚನ್ನು ಹದವಾಗಿ ಸುಟ್ಟು, ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಹಳತು ಮಾಡಿದ್ದರು. ಮೂಸಿ ನೋಡಿದೆ, ಚಿಕೋರಿ ಇರಲಿಲ್ಲ. ಹೆಂಡತಿ ಕಣ್ಣಲ್ಲೇ ಸುಟ್ಟಳು. ನಾನು ಲೆಕ್ಕ ಒಪ್ಪಿಸಿದೆ: "ನೋಡು, ಜೂಲಿಯಾ ಕಾಲದಲ್ಲಿ ಚಿನ್ನ ಔನ್ಸಿಗೆ 20 ಡಾಲರ್ 67 ಸೆಂಟ್. ಈಗ ಸಾವಿರಗಳಲ್ಲಿದೆ. ನಕ್ಷೆ ಮಾತ್ರ 7ರಿಂದ 14ಕ್ಕೆ ಏರಿದೆ. ಇಷ್ಟು ಅಗ್ಗಕ್ಕೆ ಬೇರೇನು ಸಿಗುತ್ತೆ?" ಅವಳು ಮಾತಾಡದೆ ನೀರಿನ ಬಾಟಲಿಗಳ ಚೀಲವನ್ನು ನನ್ನ ಹೆಗಲಿಗೆ ಹಾಕಿದಳು.

ಪೆರಾಲ್ಟಾ ಕಾಲುದಾರಿ ಎಂದೇ ಹೆಸರಿರುವ ದಾರಿಯಲ್ಲಿ ಎರಡು ಮೈಲಿಗೂ ಮಿಗಿಲಾದ ಏರು. ಚೋಯಾ ಎಂಬ ಕಳ್ಳಿಯೊಂದು ಇದೆ; ದೂರದಿಂದ ಕರಡಿಮರಿಯ ಹಾಗೆ ಮುದ್ದು. ಹತ್ತಿರ ಹೋದರೆ ತುಂಡಾಗಿ ಪ್ಯಾಂಟಿಗೆ ನೇತಾಡಿಕೊಂಡು ನಮ್ಮ ಜೊತೆಗೇ ಬರುತ್ತದೆ. ಮಗ ಬಾಚಣಿಗೆಯಿಂದ ಅದನ್ನು ಕಿತ್ತ. ಈ ಸೀಮೆಯವರು ಬಾಚಣಿಗೆ ಇಟ್ಟುಕೊಳ್ಳುವುದೇ ಅದಕ್ಕಂತೆ. ತಲೆಯಲ್ಲಿ ಕೂದಲಿಲ್ಲದ ನನಗೆ ಇನ್ನು ಮೇಲೆ ಜೇಬಲ್ಲಿ ಬಾಚಣಿಗೆ ಇಡಲು ಒಂದು ಕಾರಣವಾದರೂ ಸಿಕ್ಕಿತು.

ಕಣಿವೆಯ ನೆತ್ತಿ ಮುಟ್ಟಿದಾಗ ಎದುರಿಗೆ ವೀವರ್ಸ್ ನೀಡಲ್ ಎಂಬ ಕಲ್ಲುಸೂಜಿ ಧುತ್ತೆಂದು ನಿಂತಿತು. ಬುಡದಿಂದ ಸಾವಿರ ಅಡಿಯಷ್ಟು ಎತ್ತರ, ತುದಿ ಸಮುದ್ರಮಟ್ಟದಿಂದ 4,553 ಅಡಿ. ಕತೆಯ ಪ್ರಕಾರ ಸಂಜೆ ನಾಲ್ಕು ಗಂಟೆಗೆ ಈ ಸೂಜಿಯ ನೆರಳು ಬೀಳುವ ಕಡೆಗೇ ಗಣಿ. ಚಿತ್ರಾನ್ನ ಮುಗಿಸಿ ನಾಲ್ಕಾಗುವುದನ್ನೇ ಕಾದೆವು. ನೆರಳು ಈಶಾನ್ಯಕ್ಕೆ ಬಿತ್ತು. "ದೇವಮೂಲೆ, ಒಳ್ಳೇದೇ" ಎಂದಳು ಹೆಂಡತಿ, ಆ ದಿನ ಮೊದಲ ಬಾರಿಗೆ ಆಸಕ್ತಿ ತೋರಿಸಿ. ಆದರೆ ಜೂನ್‌ನಲ್ಲಿ ಬಂದು ನಿಂತರೆ ಅದೇ ನಾಲ್ಕಕ್ಕೆ ನೆರಳು ನೇರ ಪೂರ್ವಕ್ಕೆ, ಗಿಡ್ಡಗೆ ಬೀಳುತ್ತದೆ. ಮುದುಕ ಯಾವ ತಿಂಗಳ ನಾಲ್ಕು ಗಂಟೆ ಹೇಳಿದ್ದು? ಅದೂ ಯಾರ ಗಡಿಯಾರದಲ್ಲಿ? ಅಮೆರಿಕದ ರೈಲ್ವೆಯವರು ದೇಶಕ್ಕೆಲ್ಲ ಗಂಟೆ ಹೊಂದಿಸಿದ್ದೇ 1883ರಲ್ಲಿ; ಅದಕ್ಕೂ ಮುಂಚೆ ಊರಿಗೊಂದು ನಾಲ್ಕು ಗಂಟೆ. ನಾನು ಇದನ್ನು ಮಗನಿಗೆ ವಿವರಿಸುವಷ್ಟರಲ್ಲಿ ನೆರಳು ಆಚೆ ಬಂಡೆಗೆ ಸರಿದಿತ್ತು.

ನಗುವಿಗೆ ಬಾರದ ಕತೆಗಳೂ ಇಲ್ಲಿವೆ. ಅಡಾಲ್ಫ್ ರೂತ್ ಎಂಬ ವಾಷಿಂಗ್ಟನ್ನಿನ ಹಿರಿಯರು ಹಳೆಯ ನಕ್ಷೆಯೊಂದನ್ನು ನಂಬಿ 1931ರ ಜೂನ್‌ನಲ್ಲಿ, ಕಾಲು ಕುಂಟಾಗಿದ್ದರೂ ಇದೇ ಕಣಿವೆಗೆ ಬಂದರು. ಡಿಸೆಂಬರ್‌ನಲ್ಲಿ ಅವರ ತಲೆಬುರುಡೆ ಸಿಕ್ಕಿತು, ಅದರಲ್ಲಿ ಎರಡು ತೂತು. ಉಳಿದ ಮೂಳೆ ಸಿಕ್ಕಿದ್ದು ಮರುತಿಂಗಳು. ಗಣಿ ಕಂಡೆನೆಂಬ ಅರ್ಥದ ಚೀಟಿಯೂ ಇತ್ತು, ಸೀಸರ್ ಗೆದ್ದಾಗ ಹೇಳಿದ 'ಬಂದೆ, ಕಂಡೆ, ಗೆದ್ದೆ' ಎಂಬ ಆ ಮೂರು ಮಾತಿನೊಂದಿಗೆ. ಕೊಲೆ ಎಂದರು, ಬಾಯಾರಿಕೆ ಎಂದರು, ತೀರ್ಮಾನವಾಗಲಿಲ್ಲ. ಪತ್ರಿಕೆಗಳು ಮಾತ್ರ ದೇಶಕ್ಕೆಲ್ಲ ಸುದ್ದಿ ಹರಡಿ, ಆ ಸಾವೇ ಗಣಿಯ ಜಾಹೀರಾತಾಯಿತು. ಈ ಶತಮಾನದಲ್ಲೂ ಹುಡುಕಲು ಹೋದವರು ಹೆಣವಾಗಿ ಬಂದಿದ್ದಾರೆ. ಬಿಸಿಲಿಗೂ ಬಂಡೆಗೂ ಕತೆ ಗೊತ್ತಿಲ್ಲ.

ಬೆಟ್ಟದ ಒಳಗೆ ಏನಿದೆ? ಒಂದೂವರೆ-ಎರಡು ಕೋಟಿ ವರ್ಷ ಹಿಂದೆ ಜ್ವಾಲಾಮುಖಿಗಳು ಉಗುಳಿದ ಬೂದಿ, ಲಾವಾ. ಭೂವಿಜ್ಞಾನಿಗಳು ಅಲ್ಲಿ ದೊಡ್ಡ ಚಿನ್ನದ ನಿಕ್ಷೇಪಕ್ಕೆ ಅವಕಾಶ ಕಡಿಮೆ ಎನ್ನುತ್ತಾರೆ. ತಮಾಷೆಯೆಂದರೆ ಸುತ್ತಮುತ್ತ ಎಲ್ಲವೂ ಇದೆ. ಪೂರ್ವಕ್ಕೆ ಬೆಳ್ಳಿ ಸಿಕ್ಕಿತು, ತಾಮ್ರವಂತೂ ಅರಿಜೋನಾದ ಕುಲದೈವ. ಜೂಲಿಯಾ ಒಳಗಿನ ಕಣಿವೆಗಳಲ್ಲಿ ಬೇಯುತ್ತಿದ್ದ ಅದೇ 1892ರಲ್ಲಿ ಬೆಟ್ಟದ ಹೊರಗೆ, ತಪ್ಪಲಿನ ಗೋಲ್ಡ್‌ಫೀಲ್ಡ್‌ನಲ್ಲಿ ನಿಜವಾದ ಚಿನ್ನ ಸಿಕ್ಕಿ ಒಂದು ಊರೇ ಎದ್ದಿತು. ಕೆಲವೇ ವರ್ಷಗಳಲ್ಲಿ ಅದಿರು ಮುಗಿದು ಊರೂ ಮಲಗಿತು. ಸಿಕ್ಕ ಗಣಿಯ ಹಣೆಬರಹ ಅಷ್ಟೇ. ನಮ್ಮ ಕೋಲಾರವೇ ನೋಡಿ: ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದು, ಎಂಟುನೂರು ಟನ್ನಿನಷ್ಟು ಚಿನ್ನ ಕೊಟ್ಟು, 2001ರ ಫೆಬ್ರುವರಿ 28ರಂದು ಬೀಗ ಹಾಕಿಸಿಕೊಂಡಿತು. ಈಗ ಅಲ್ಲಿ ಉಳಿದಿರುವುದು ಸಯನೈಡ್ ಮಣ್ಣಿನ ದಿಬ್ಬ. ಡಚ್ಚನ ಗಣಿಗೆ ನಷ್ಟವಿಲ್ಲ, ಮುಷ್ಕರವಿಲ್ಲ, ಬೀಗವಿಲ್ಲ, ಇವತ್ತಿಗೂ ನಡೆಯುತ್ತಿದೆ. ಅದರ ಹೆಸರಲ್ಲಿ 1977ರಿಂದ ಒಂದು ಉದ್ಯಾನವಿದೆ, ವರ್ಷಕ್ಕೊಮ್ಮೆ ಜಾತ್ರೆಯಾಗುತ್ತದೆ.

ಕಾನೂನೂ ಇದೆ. ಈ ಬೆಟ್ಟಸಾಲಿನ ಅಭಯಾರಣ್ಯದ ಒಳಗೆ 1984ರಿಂದ ಹೊಸ ಗಣಿ ಹಕ್ಕು ಸಿಗುವುದಿಲ್ಲ, ನಿಧಿ ಹುಡುಕಲು ಪರವಾನಗಿ ಬೇಕು. ನಮ್ಮಲ್ಲೂ ಕಡಿಮೆಯಿಲ್ಲ. 1878ರ ಕಾಯ್ದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹತ್ತು ರೂಪಾಯಿ! ಆ ಲೆಕ್ಕದಲ್ಲಿ ನನ್ನ ಹೆಂಡತಿಯ ಸಾಸಿವೆ ಡಬ್ಬಿಯೂ ಜಿಲ್ಲಾಧಿಕಾರಿಗೆ ಸೇರಬೇಕು.

ಇಳಿಯುವಾಗ ದಾರಿ ಪಕ್ಕ ಥಳಥಳ ಎಂದಿತು. ಅಪ್ಪಟ ಹಳದಿ. ಎದೆ ಒಂದು ಬಡಿತ ತಪ್ಪಿತು, ಸುಳ್ಳು ಹೇಳುವುದಿಲ್ಲ. ಬಗ್ಗಿ ಎತ್ತಿ ಉಗುರಿನಿಂದ ಕೆದಕಿದೆ. ಹಾಳೆಹಾಳೆಯಾಗಿ ಎದ್ದು ಬಂತು, ಊದಿದರೆ ಹಾರಿತು. ಚಿನ್ನ ಹಾಳೆಯಾಗಿ ಏಳುವುದಿಲ್ಲ. "ಕಾಗೆ ಬಂಗಾರ ಕಣ್ರೀ" ಎಂದಳು ಹೆಂಡತಿ. ಬಿಸಿಲಿಗೆ ಬಣ್ಣಗೆಟ್ಟ ಅಭ್ರಕ. ಜರ್ಮನ್ನರು ಇದಕ್ಕೆ ಬೆಕ್ಕಿನ ಚಿನ್ನ ಎನ್ನುತ್ತಾರೆ. ನಮಗೆ ಕಾಗೆ, ಅವರಿಗೆ ಬೆಕ್ಕು. ಮೋಸ ಹೋದ ಮುಖ ಮಾತ್ರ ಎರಡೂ ಕಡೆ ಒಂದೇ.

ಆ ಮುಖ ನನಗೆ ಹೊಸದಲ್ಲ. ಒಂದು ಸಣ್ಣ ಊರಿನ ಶಾಖೆಯಲ್ಲಿದ್ದಾಗ ಒರೆ ಹಚ್ಚುವ ಆಚಾರ್ರು ಮಗಳ ಮದುವೆಗೆಂದು ರಜೆ ಹಾಕಿದ್ದರು. ಹಿರಿಯರೊಬ್ಬರು ನಾಲ್ಕು ಬಳೆ ತಂದರು. ಪ್ಲೇಗಿನ ಕಾಲದಲ್ಲಿ ಊರು ಬಿಡುವಾಗ ಅಜ್ಜಿ ಅವನ್ನು ಅಕ್ಕಿ ಮಡಕೆಯಲ್ಲಿ ಹೂತಿಟ್ಟದ್ದು, ಎಮ್ಮೆ ಕಟ್ಟುವ ಗೂಟ ನೆಡುವಾಗ ಮಡಕೆ ಸಿಕ್ಕಿದ್ದು ಎಲ್ಲ ಹೇಳಿದರು. ಎಂಥ ಚೆಂದ ಹೇಳಿದರೆಂದರೆ ನನ್ನ ಕಣ್ಣು ಒದ್ದೆಯಾಯಿತು. ಒರೆಗಲ್ಲು ಪಕ್ಕದ ಡ್ರಾಯರಿನಲ್ಲೇ ಇತ್ತು, ತೆಗೆಯಲಿಲ್ಲ. ಅವರು ಮರಳಿ ಬರಲಿಲ್ಲ. ಹರಾಜಿನ ದಿನ ಬಳೆ ಕತ್ತರಿಸಿದರೆ ಒಳಗೆ ಕೆಂಪಗೆ ತಾಮ್ರ. ಹನ್ನೆರಡು ಕಂತಿನಲ್ಲಿ ನನ್ನ ಸಂಬಳದಿಂದ ವಸೂಲಾಯಿತು. ಆದರೂ ಆ ಕತೆ ಮಾತ್ರ ಇಪ್ಪತ್ತೆರಡು ಕ್ಯಾರೆಟ್ಟಿನದು ಎಂದು ಇವತ್ತಿಗೂ ಹೇಳುತ್ತೇನೆ.

ನಕ್ಷೆ ನನ್ನೊಡನೆ ಬೆಂಗಳೂರಿಗೆ ಬಂದಿದೆ. ಡಿಕಾಕ್ಷನ್ ವಾಸನೆ ಇನ್ನೂ ಹೋಗಿಲ್ಲ, ಅಂಚು ಒಂದು ಕಡೆ ಸ್ವಲ್ಪ ಹರಿದಿದೆ. ಬೇಕಾದವರು ಬಂದು ಒಯ್ಯಬಹುದು. ಜೂಲಿಯಾ ಬೆಲೆಗೇ ಕೊಡುತ್ತೇನೆ, 7 ಡಾಲರ್. ಸಾಲ ಕೇಳಬೇಡಿ.