ಬೆರಕೆ ಮೀಮಾಂಸೆ: ಅಂತರಿಕ್ಷದ ಕಥೆಗಳಲ್ಲಿ ರಾಜಕೀಯ ಎಂದು ಹೊಕ್ಕಿತೆಂಬ ಸಂಶೋಧನೆ

ಪ್ರಸ್ತುತ ಪ್ರಬಂಧವು ವಾತಾಪಿ (ಬಾದಾಮಿ), ಅಯ್ಯಾವೊಳೆ (ಐಹೊಳೆ), ಕೂಡಲಸಂಗಮ, ಇಳಕಲ್ಲುಗಳೆಂಬ ಚತುಷ್ಕೋನೀಯ ಸಾಂಸ್ಕೃತಿಕ ಭೂಪಟಲದ ಪರಿಪ್ರೇಕ್ಷ್ಯದಲ್ಲಿ ವಿಜ್ಞಾನಕಥಾಸರಣ್ಯಭಿಮಾನಿಸಂಕಥನದ ಒಳಸುಳಿಗಳನ್ನು ನಿರ್ವಚಿಸಿ, ಅನುಸಂಧಾನಕ್ಕೊಳಪಡಿಸಿ, ಒಂದನ್ನೊಂದಕ್ಕೆ ಮುಖಾಮುಖಿಯಾಗಿಸಿ, ತರುವಾಯ ಮುನ್ನೆಲೆಗೆ ತರುವ ಒಂದು ವಿನಮ್ರ ಪ್ರಯತ್ನವಾಗಿದೆ. (‘ವಿನಮ್ರ’ ಎಂಬ ಮಾತಿಲ್ಲದ ಪ್ರಬಂಧಕ್ಕೆ ವಿಚಾರಸಂಕಿರಣದಲ್ಲಿ ಊಟದ ಕೂಪನ್ನೂ ಸಿಗುವುದಿಲ್ಲ.) ವಿಷಯ ಇಷ್ಟೇ. ಸ್ಟಾರ್ ಟ್ರೆಕ್, ಸ್ಟಾರ್ ವಾರ್ಸ್, ಡಾಕ್ಟರ್ ಹೂ ಮೊದಲಾದ ಸರಣಿಗಳ ಭಕ್ತಮಂಡಲಿಯಲ್ಲಿ ಒಂದು ಪೂರ್ವಪಕ್ಷ ಬಹಳ ಕಾಲದಿಂದ ಮಂಡನೆಯಾಗುತ್ತ ಬಂದಿದೆ. ಅದನ್ನು ಬಾಗಲಕೋಟೆಯ ಮಾತಿನಲ್ಲಿ ಸೂತ್ರೀಕರಿಸಿದರೆ ಹೀಗಾಗುತ್ತದೆ: “ಮೊದಲ ಹಿಂಗ ಇರಲಿಲ್ರಿ. ಬರೇ ಕಥಿ ಇರ್ತಿತ್ತು. ಈಗ ಅದರಾಗ ರಾಜಕೀಯ ಬೆರಸ್ಯಾರ.” ಇದನ್ನು ಇನ್ನು ಮುಂದೆ ಬೆರಕೆವಾದ ಎಂದು ಕರೆಯಲಾಗುವುದು. ಕರ್ಮಣಿ ಪ್ರಯೋಗದಲ್ಲಿ ಕರೆದರೆ ಕರೆದವರು ಯಾರೆಂದು ಯಾರೂ ಕೇಳುವುದಿಲ್ಲ.

ಬೆರಕೆವಾದಿಗಳಲ್ಲಿ ಐದು ಪ್ರಭೇದಗಳನ್ನು ಗುರುತಿಸಲಾಗಿದೆ. ಮೊದಲನೆಯವನು ಪೂರ್ವಶುದ್ಧಿವಾದಿ. ತನಗೆ ಮೀಸೆ ಚಿಗುರುವವರೆಗೆ ಬಂದ ಕಥೆಗಳೆಲ್ಲ ಶುದ್ಧ, ಆಮೇಲೆ ಬಂದವೆಲ್ಲ ಬೆರಕೆ ಎಂಬುದು ಇವನ ಯುಗವಿಭಾಗ. ಇವನಲ್ಲಿ ಸಾಧಾರ, ನಿರಾಧಾರ ಎಂಬ ಎರಡು ಉಪಪ್ರಭೇದಗಳಿದ್ದು, ಹಳೆಯ ಕಂತುಗಳನ್ನು ನಿಜಕ್ಕೂ ನೋಡಿದ ಸಾಧಾರನು ವಿರಳ. ಎರಡನೆಯವನು ರಸಮಾತ್ರವಾದಿ. ಬೆಳಕಿನ ಕತ್ತಿ, ಸ್ಫೋಟ, ನೌಕೆಯ ಪಲ್ಟಿ ಇವು ಸ್ಥಾಯಿಭಾವ, ಉಳಿದದ್ದೆಲ್ಲ ವ್ಯಭಿಚಾರಿ. ಮೂರನೆಯವನು ಗೋತ್ರಪರೀಕ್ಷಕ. ಪಾತ್ರ ಯಾರದೆಂದು ನೋಡಿದ ಕೂಡಲೇ ಕಥೆ ಎಂಥದೆಂದು ತಿಳಿಯುವ ಸಿದ್ಧಿ ಇವನಿಗುಂಟು. ಡಾಕ್ಟರ್ ಹೂ ಸರಣಿಯ ನಾಯಕ ಅನ್ಯಗ್ರಹದವನು, ಸಾಯುವ ಹೊತ್ತಿಗೆ ಹೊಸ ಮೈ ತೊಡುವವನು, ಹೊರಗಿನಿಂದ ಗೂಡಿನಷ್ಟಿದ್ದು ಒಳಗೆ ಅರಮನೆಯಷ್ಟಿರುವ ಡಬ್ಬಿಯಲ್ಲಿ ಕಾಲದ ಹಿಂದೆ ಮುಂದೆ ಓಡಾಡುವವನು. ಐದು ದಶಕ ಇದನ್ನೆಲ್ಲ ನಂಬಿದ ಗೋತ್ರಪರೀಕ್ಷಕನಿಗೆ, 2017ರಲ್ಲಿ ಆ ನಾಯಕ ಹೆಣ್ಣಿನ ಮೈ ತೊಟ್ಟಾಗ ಮಾತ್ರ ಇದು ಅಸಂಭವ ಅನ್ನಿಸಿತು. ನಾಲ್ಕನೆಯ, ಐದನೆಯ ಪ್ರಭೇದಗಳನ್ನೂ ಸೋದಾಹರಣವಾಗಿ ವಿವರಿಸಬೇಕಿತ್ತು. ಐವರೂ ಕೊನೆಗೆ ಹೇಳುವುದು ಒಂದನ್ನೇ ಆದ್ದರಿಂದ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಬೆರಕೆವಾದಕ್ಕೆ ಬೇಕಾದ ಮುಖ್ಯ ಆಧಾರ ಒಂದು ಶುದ್ಧಯುಗ. ಅದನ್ನು ಹುಡುಕೋಣ. 1898ರಲ್ಲಿ ಎಚ್.ಜಿ. ವೆಲ್ಸ್ ಮಂಗಳದವರನ್ನು ಇಂಗ್ಲೆಂಡಿನ ಮೇಲೆ ದಂಡೆತ್ತಿ ಕಳಿಸಿದ. ಕಳಿಸುವ ಮೊದಲೇ, ಮೊದಲನೆಯ ಅಧ್ಯಾಯದಲ್ಲೇ, ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಯುರೋಪಿನವರು ಏನು ಮಾಡಿದರೆಂದು ತನ್ನ ಓದುಗರಿಗೆ ನೆನಪಿಸಿದ. ಅಲ್ಲಿ ಶುದ್ಧಿ ಸಿಗಲಿಲ್ಲ. 1905ರಲ್ಲಿ ಬಂಗಾಳದ ರೊಕೆಯಾ ಹುಸೇನ್ ‘ಸುಲ್ತಾನಾಸ್ ಡ್ರೀಮ್’ ಬರೆದರು. ಅದರಲ್ಲಿ ಗಂಡಸರು ಜನಾನದೊಳಗೆ, ಹೆಂಗಸರು ಆಡಳಿತದಲ್ಲಿ, ಅಡುಗೆ ಸೂರ್ಯನ ಶಾಖದಲ್ಲಿ. ಅಲ್ಲಿಯೂ ಸಿಗಲಿಲ್ಲ. 1954ರ ಮಾರ್ಚಿನಲ್ಲಿ ಬಿಕಿನಿ ದ್ವೀಪದ ಬಳಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ಜಪಾನಿನ ಮೀನುಗಾರರ ಮೇಲೆ ಬಿತ್ತು. ಅದೇ ನವೆಂಬರಿನಲ್ಲಿ ಗಾಡ್ಜಿಲಾ ತೆರೆಗೆ ಬಂದ. 1966ರ ಸ್ಟಾರ್ ಟ್ರೆಕ್ ನೌಕೆಯ ಚುಕ್ಕಾಣಿಯ ಬಳಿ ಒಬ್ಬ ಜಪಾನಿ ಮೂಲದವನನ್ನೂ ಸಂಪರ್ಕದ ಪೀಠದಲ್ಲಿ ಒಬ್ಬ ಕರಿಯ ಹೆಣ್ಣನ್ನೂ ಕೂರಿಸಿತು. ಮರುವರ್ಷ, ಶೀತಲಸಮರ ಕುದಿಯುತ್ತಿರುವಾಗಲೇ, ಒಬ್ಬ ರಷ್ಯನ್ನನನ್ನೂ ಹತ್ತಿಸಿಕೊಂಡಿತು. ಬಿಳಿಯರೂ ಕರಿಯರೂ ಮದುವೆಯಾಗಬಾರದೆಂಬ ರಾಜ್ಯ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟು ರದ್ದು ಮಾಡಿದ್ದು 1967ರಲ್ಲಿ. ನೌಕೆಯ ಕಪ್ತಾನ ಸಂಪರ್ಕಪೀಠದ ಆ ಹೆಣ್ಣಿಗೆ ಮುತ್ತಿಟ್ಟ ಕಂತು ಬಂದದ್ದು 1968ರಲ್ಲಿ. 1969ರ ಇನ್ನೊಂದು ಕಂತಿನಲ್ಲಿ ಒಂದು ಪಂಗಡದವರಿಗೆ ಮುಖದ ಎಡಭಾಗ ಬಿಳುಪು, ಇನ್ನೊಂದು ಪಂಗಡದವರಿಗೆ ಬಲಭಾಗ ಬಿಳುಪು. ಅಷ್ಟಕ್ಕೇ ಅವರು ತಮ್ಮ ಗ್ರಹವನ್ನೇ ಸುಟ್ಟುಕೊಂಡಿದ್ದರು. ಸಂಶೋಧಕನು ಇನ್ನೂ ಹಿಂದಕ್ಕೆ ಹೋಗಲು ಸಿದ್ಧನಿದ್ದಾನೆ. ಅದಕ್ಕೆ ಬಾದಾಮಿಯ ಬಸ್ಸು ಸಾಕು.

ಬಾದಾಮಿಯ ಬೆಟ್ಟದಲ್ಲಿ ವಿಜ್ಞಾನಕಥೆಯ ಸಕಲ ಲಕ್ಷಣಗಳೂ ಇವೆ. ಮೂರನೆಯ ಗುಹೆಯಲ್ಲಿ ವರಾಹ ಮುಳುಗಿದ ಭೂಗ್ರಹವನ್ನು ಮೇಲಕ್ಕೆತ್ತಿದ್ದಾನೆ. ತ್ರಿವಿಕ್ರಮ ಕ್ಷಣಾರ್ಧದಲ್ಲಿ ಆಕಾಶದವರೆಗೆ ಬೆಳೆದಿದ್ದಾನೆ. ರಸಮಾತ್ರವಾದಿ ಇಲ್ಲಿ ನಿಂತು ಆಹಾ ಅಂದರೆ ತಪ್ಪಿಲ್ಲ, ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಅದೇ ಗುಹೆಯಲ್ಲಿ ಶಕ ವರ್ಷ 500ರ, ಅಂದರೆ ಕ್ರಿ.ಶ. 578ರ ಶಾಸನವಿದೆ. ಮಂಗಳೇಶ ಈ ಗುಹೆ ಕೊರೆಸಿ, ಅದರ ಪುಣ್ಯವನ್ನು ದೊರೆಯಾದ ಅಣ್ಣ ಕೀರ್ತಿವರ್ಮನಿಗೆ ಅರ್ಪಿಸಿದ್ದನ್ನು ಅದು ಹೇಳುತ್ತದೆ. ವರಾಹ ಚಾಲುಕ್ಯರ ಲಾಂಛನ. ಭೂಮಿಯನ್ನು ಎತ್ತಿ ಹಿಡಿದವನು ದೇವರೋ ದೊರೆಯೋ ಎಂಬ ಸಂದೇಹ ನೋಡುವವನಲ್ಲಿ ಉಳಿಯಲಿ ಎಂಬುದಕ್ಕೇ ಅಷ್ಟು ಕಲ್ಲು ಕೊರೆದದ್ದು. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿಯಲ್ಲಿ ಕವಿ ರವಿಕೀರ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಜಿನಾಲಯದ ಗೋಡೆಯ ಮೇಲೆ ಪುಲಕೇಶಿಯ ದಿಗ್ವಿಜಯವನ್ನೂ ಹರ್ಷನ ಸೋಲನ್ನೂ ಹಾಡಿ, ತನ್ನನ್ನು ಕಾಳಿದಾಸ ಭಾರವಿಗಳ ಸಾಲಿನಲ್ಲಿ ಕೂರಿಸಿಕೊಂಡು, ಶಕ ವರ್ಷ 556ರ ಜೊತೆಗೆ ಭಾರತಯುದ್ಧ ಕಳೆದು 3735 ವರ್ಷವೆಂದು ಲೆಕ್ಕ ಕೊಟ್ಟ. ತನ್ನ ದೊರೆಯ ಕಾಲವನ್ನು ಮಹಾಕಾವ್ಯದ ಕಾಲಪಟ್ಟಿಯೊಳಗೆ ಹೊಂದಿಸುವ ಈ ಕೆಲಸವನ್ನು ಇವತ್ತು ಸ್ಟಾರ್ ವಾರ್ಸ್ ಅಭಿಮಾನಿಗಳು ಹಗಲು ರಾತ್ರಿ ಮಾಡುತ್ತಾರೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಲೋಕಮಹಾದೇವಿ ತನ್ನ ಗಂಡ ಕಂಚಿಯನ್ನು ಗೆದ್ದ ನೆನಪಿಗೆ ಕಟ್ಟಿಸಿದ್ದು. ಇಷ್ಟು ನೋಡಿಯೂ ಯಾವ ಪ್ರವಾಸಿಯೂ “ಗುಡಿಯೊಳಗ ರಾಜಕೀಯ ಬೆರಸ್ಯಾರ” ಎಂದು ದೂರುವುದಿಲ್ಲ. ಕಾರಣ ಸರಳ: ಆ ಜಗಳದಲ್ಲಿ ಇಂದು ಯಾರ ಪಾಲೂ ಇಲ್ಲ.

ಇದರಿಂದ ಸಮ್ಮತಿಜನ್ಯಾದೃಶ್ಯತಾನ್ಯಾಯ ಸಿದ್ಧವಾಗುತ್ತದೆ. ನಮಗೆ ಒಪ್ಪಿಗೆಯಿರುವ ರಾಜಕೀಯ ಕಥೆಯ ಹಿನ್ನೆಲೆಯಾಗಿ ಕಾಣುತ್ತದೆ, ಒಪ್ಪಿಗೆಯಿಲ್ಲದ್ದು ಮಾತ್ರ ರಾಜಕೀಯವಾಗಿ ಕಾಣುತ್ತದೆ. ಸಾಕ್ಷಿಗೆ ಕನ್ನಡದ್ದೇ ಚಿತ್ರಗಳಿವೆ. ಉಪೇಂದ್ರರ 2010ರ ‘ಸೂಪರ್’ 2030ರ ಭಾರತವನ್ನು ತೋರಿಸಿತು. ಅಲ್ಲಿ ನಮ್ಮ ನೆಲ ಸಿರಿವಂತ, ಕೀಳೆಂದು ಎಣಿಸುವ ಕೆಲಸಕ್ಕೆಲ್ಲ ಬಿಳಿಯರು. ಇಡೀ ಚಿತ್ರವೇ ಆಡಳಿತದ ಕುರಿತ ಒಂದು ವಾದ. ಅದು ದೇಶಪ್ರೇಮವೆಂದು ಜನ ಸಿಳ್ಳೆ ಹೊಡೆದರೇ ಹೊರತು ರಾಜಕೀಯವೆಂದು ಮೂಗು ಮುರಿಯಲಿಲ್ಲ. ಆ ಕೆಲಸಗಳು ಕೀಳೆಂದು ತೀರ್ಮಾನಿಸಿದವರು ಯಾರು, ಬಿಳಿಯರು ಬರುವ ಮೊದಲು ಅವನ್ನು ಮಾಡುತ್ತಿದ್ದವರು ಯಾರು, 2030ರಲ್ಲಿ ಅವರು ಎಲ್ಲಿಗೆ ಹೋದರು ಎಂದು ಕೇಳಿ ನೋಡಿ. ಆಗ ರಾಜಕೀಯ ಬೆರೆತುಬಿಡುತ್ತದೆ. 2018ರಲ್ಲಿ ಅದೇ ನಿರ್ದೇಶಕರು ಉತ್ತಮ ಪ್ರಜಾಕೀಯ ಪಕ್ಷ ಕಟ್ಟಿದರು, 2024ರ ಡಿಸೆಂಬರಿನಲ್ಲಿ ‘ಯುಐ’ ತಂದರು. ಆಮೇಲೆ ಡಿಕೋಡ್ ಮಾಡುವವರ ಕಾಲ ಬಂತು. ಯಾವ ಸಂಜ್ಞೆ ಯಾವ ಪಕ್ಷಕ್ಕೆ, ಯಾವ ಬಣ್ಣ ಯಾವ ಧರ್ಮಕ್ಕೆ ಎಂದು ಟಿಪ್ಪಣಿ ಹೊರಟವು. ಆ ಟಿಪ್ಪಣಿಗಳನ್ನು ಓದಿದರೆ ಒಂದು ಗೊತ್ತಾಗುತ್ತದೆ: ಪ್ರತಿಯೊಬ್ಬನಿಗೂ ಚಿತ್ರ ಬೈದದ್ದು ಪಕ್ಕದವನನ್ನು.

ಬಸವಣ್ಣನವರ ಸಂಗತಿ ಇದಕ್ಕಿಂತ ಕಹಿ. ಕೂಡಲಸಂಗಮ ಇದೇ ಹುನಗುಂದ ತಾಲೂಕಿನಲ್ಲಿದೆ. ಇಲ್ಲಿ ಓದಿ ಬೆಳೆದವರ ಕಲ್ಯಾಣದಲ್ಲಿ ಬೇರೆ ಬೇರೆ ಜಾತಿಯ ಹರಳಯ್ಯ ಮಧುವರಸರ ಮಕ್ಕಳಿಗೆ ಮದುವೆಯಾಯಿತೆಂದೂ ಅದಕ್ಕಾಗಿ ತಂದೆಯರಿಬ್ಬರಿಗೆ ಮರಣದಂಡನೆಯಾಯಿತೆಂದೂ ಪರಂಪರೆ ಹೇಳುತ್ತದೆ. ಅಮೆರಿಕದ ನೌಕೆಯ ಆ ಒಂದು ಮುತ್ತಿಗಿಂತ ಎಂಟು ಶತಮಾನ ಹಿಂದಿನ ಮಾತು. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು, ಕಚೇರಿಗಳಲ್ಲಿ ಭಾವಚಿತ್ರ ತೂಗುಹಾಕಿತು. ಆ ಚಿತ್ರದ ಕೆಳಗೆ ಕೂತು, ಮಗಳಿಗೆ ಗಂಡು ನೋಡುವಾಗ ಜಾತಿ ಉಪಜಾತಿ ಎರಡನ್ನೂ ಬಾಯಿಬಿಟ್ಟು ಕೇಳುವವನೇ ಸಂಜೆ ಸಿನಿಮಾದಲ್ಲಿ ಜಾತಿಯ ಮಾತು ಬಂದರೆ ಬೇಸರಪಟ್ಟುಕೊಳ್ಳುತ್ತಾನೆ. ಇದು ರಸಭಂಗವಲ್ಲ. ಇದಕ್ಕೆ ಲಜ್ಜೆಗೇಡಿತನ ಎಂದು ಹೆಸರು. ಪಾರಿಭಾಷಿಕ ಪದ ಹುಡುಕುವ ಅಗತ್ಯ ಇಲ್ಲಿ ಕಾಣುತ್ತಿಲ್ಲ.

ಆಕ್ಷೇಪಗಳಿಗೆ ಬರೋಣ. ಕಥೆಯನ್ನು ನಿಲ್ಲಿಸಿ ಭಾಷಣ ಬಿಗಿಯುವ ಚಿತ್ರಗಳು ನಿಜವಾಗಿಯೂ ಕೆಟ್ಟವಲ್ಲವೇ ಎಂದು ಬೆರಕೆವಾದಿ ಕೇಳಬಹುದು. ಕೆಟ್ಟವೇ. ‘ಯುಐ’ನಲ್ಲೂ ಹೊಸ ಹಾಲಿವುಡ್ ಸರಣಿಗಳಲ್ಲೂ ಪಾತ್ರ ಬಾಯಿ ತೆರೆದರೆ ಲೇಖಕನ ದನಿಯೇ ಕೇಳುವ ಜಾಗಗಳಿವೆ. ಆದರೆ ತಪ್ಪು ಇರುವುದು ಜೋಡಣೆಯಲ್ಲಿ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಟೋಪ ತೆನಿ ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕೊಂಡಿ ಸಡಿಲವಾದರೆ ನೇಕಾರನನ್ನು ಬೈಯಬೇಕು, ಸೀರೆಗೆ ಸೆರಗೇ ಬೇಡ ಅನ್ನುವುದು ಯಾವ ನ್ಯಾಯ? ಬೆರಕೆವಾದಿ ಕೊಂಡಿಯನ್ನು ಪರೀಕ್ಷಿಸುವ ಶ್ರಮಕ್ಕೆ ಹೋಗುವುದಿಲ್ಲ. ಸೆರಗಿನ ಬಣ್ಣ ತನಗೆ ಹಿಡಿಸಿದ್ದಾದರೆ ಎಷ್ಟು ಒರಟು ಕೊಂಡಿಯಾದರೂ ಅವನಿಗೆ ಸರಿ. ದುಡಿದು ದಣಿದವರಿಗೆ ಮನರಂಜನೆ ಸಾಕೆಂಬ ಎರಡನೆಯ ಆಕ್ಷೇಪಕ್ಕೆ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳೇ ಉತ್ತರ. ಚೊಳಚಗುಡ್ಡದ ಬಯಲಿನಲ್ಲಿ ರಾತ್ರಿಯಿಡೀ ಕೂರುವ ರೈತರಿಗಿಂತ ದಣಿದ ಪ್ರೇಕ್ಷಕರು ಯಾರಿದ್ದಾರೆ? ಹಾಸ್ಯದವನು ಊರ ಗೌಡನನ್ನೂ ಶಾಸಕನನ್ನೂ ಕಿಚಾಯಿಸಿದಾಗಲೇ ಅಲ್ಲಿ ಸಿಳ್ಳೆ ಹೆಚ್ಚು.

ಬೆರಕೆವಾದಿಯನ್ನು ಇಷ್ಟು ಬೈದು ಎದುರುಪಕ್ಷದ ಪಂಡಿತನನ್ನು ಬಿಟ್ಟರೆ ಪಕ್ಷಪಾತವಾದೀತು. ಇವನು ಸರ್ವಬೆರಕೆವಾದಿ. ಇವನಿಗೆ ಲೇಸರ್ ಬಂದೂಕಿನಲ್ಲಿ ಪುರುಷಾಧಿಪತ್ಯ, ನೌಕೆಯ ಬಾಗಿಲಲ್ಲಿ ವಸಾಹತೋತ್ತರ ಹೊಸ್ತಿಲು, ಖಾಲಿ ಅಂತರಿಕ್ಷದಲ್ಲಿ ಅನನ್ಯತೆಯ ಬಿಕ್ಕಟ್ಟು ಕಾಣುತ್ತವೆ. ಚಿತ್ರ ನೋಡದೆಯೂ ಇವನು ಪ್ರಬಂಧ ಮಂಡಿಸಬಲ್ಲ. ಈ ಪ್ರಬಂಧದ ಮೊದಲನೆಯ ವಾಕ್ಯ ಇವನ ಶಾಲೆಯದೇ. ಎಲ್ಲವೂ ರಾಜಕೀಯ ಎಂದು ಇವನು ಇಷ್ಟು ಸಲ, ಇಷ್ಟು ನೀರಸವಾಗಿ ಹೇಳಿದ್ದಾನೆಂದರೆ ಯಾವುದು ಯಾರ ರಾಜಕೀಯ, ಯಾರ ಹೊಲ ಹೋಯಿತು, ಯಾರ ಮನೆ ಉಳಿಯಿತು ಎಂಬ ಬಿಡಿ ಪ್ರಶ್ನೆಗಳು ಸಭೆಯಿಂದ ಎದ್ದು ಹೋಗಿವೆ. ಒಬ್ಬನು ಕಥೆಯಲ್ಲಿ ರಾಜಕೀಯ ಬೇಡ ಅನ್ನುತ್ತಾನೆ, ಇನ್ನೊಬ್ಬನು ರಾಜಕೀಯವನ್ನು ಪರಿಭಾಷೆ ಮಾಡಿ ಬಿಡುತ್ತಾನೆ. ಇಬ್ಬರಿಂದಲೂ ಆಳುವವರಿಗೆ ತೊಂದರೆಯಿಲ್ಲ.

2009ರ ‘ಅವತಾರ್’ನಲ್ಲಿ ಭೂಮಿಯಿಂದ ಹೋದ ಕಂಪನಿ ಖನಿಜಕ್ಕಾಗಿ ನೀಲಿ ಮೈಯ ಜನರ ಮಹಾವೃಕ್ಷವನ್ನು ಕೆಡವುತ್ತದೆ. ಮರುವರ್ಷವೇ ಒಡಿಶಾದ ನಿಯಮಗಿರಿಯ ಡೋಂಗ್ರಿಯಾ ಕೊಂಧ ಆದಿವಾಸಿಗಳ ಪರವಾಗಿ, ಇದು ನಮ್ಮದೇ ಕಥೆ, ಸಹಾಯ ಮಾಡಿ ಎಂದು ನಿರ್ದೇಶಕ ಜೇಮ್ಸ್ ಕ್ಯಾಮರೂನ್‌ಗೆ ಮನವಿ ಹೋಯಿತು. ಬಾಗಲಕೋಟೆಯಲ್ಲಿ ಆ ಚಿತ್ರ ನೋಡಿದವರು ಪಂಡೋರಾ ಉಪಗ್ರಹದವರೆಗೆ ಹೋಗಬೇಕಾದದ್ದೇ ಇರಲಿಲ್ಲ. ಬಾಗಲಕೋಟೆಗೆ ಮುಳುಗಡೆ ನಗರಿ ಎಂದೇ ಹೆಸರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೇ ಊರಿನ ಭಾಗವನ್ನು ನುಂಗಿತು. ಓಣಿಗೆ ಹೆಸರಿದ್ದಲ್ಲಿಂದ ಎದ್ದು ಬಂದವರಿಗೆ ನವನಗರದಲ್ಲಿ ಸೆಕ್ಟರಿನ ನಂಬರು ಸಿಕ್ಕಿತು. ಯಾವ ವಿಜ್ಞಾನಕಥೆಗಾರನೂ ಊರಿಗೆ ಇದಕ್ಕಿಂತ ಸರಿಯಾದ ಹೆಸರಿಡಲಾರ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ನಾರಾಯಣಪುರದ ಹಿನ್ನೀರಿನಿಂದ ಉಳಿಸಲು ಸುತ್ತ ಗೋಡೆ ಎಬ್ಬಿಸಿ ಬಾವಿಯಂತೆ ಕಟ್ಟಿದ್ದಾರೆ; ಸೇತುವೆಯ ಮೇಲೆ ನಡೆದು, ನೀರಿನ ಮಧ್ಯೆ ಮೆಟ್ಟಿಲಿಳಿದು ಹೋಗಬೇಕು. ಐಕ್ಯಸ್ಥಳಕ್ಕೆ ಗೋಡೆ ಬಂತು. ಹೊಲಕ್ಕೆ ಬರಲಿಲ್ಲ.

ಮುಳುಗಡೆ ಮುಗಿದದ್ದೂ ಇಲ್ಲ. ಆಲಮಟ್ಟಿಯಲ್ಲಿ ನೀರು ಈಗ 519.60 ಮೀಟರಿನವರೆಗೆ ನಿಲ್ಲುತ್ತದೆ. 2010ರಲ್ಲಿ ಕೃಷ್ಣಾ ಜಲವಿವಾದದ ಬ್ರಿಜೇಶ್‌ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಏರಿಸಲು ಒಪ್ಪಿತು. ಐದು ಮೀಟರಿಗೂ ಕಡಿಮೆ. ಬಾದಾಮಿಯ ತ್ರಿವಿಕ್ರಮನ ಎದುರು ನಿಂತು ರಸಾಸ್ವಾದ ಮಾಡುವವರಿಗೆ, ಮೂರು ಹೆಜ್ಜೆ ನೆಲ ಕೊಟ್ಟ ಬಲಿ ಕೊನೆಗೆ ಎಲ್ಲಿ ಹೋದನೆಂಬುದು ಗೊತ್ತೇ ಇದೆ. ಈ ನೀರು ಬೇಡವೆಂದು ಇಲ್ಲಿ ವಾದವಿಲ್ಲ. ಬಯಲುಸೀಮೆಯ ಹೊಲಗಳಿಗೆ ಅದು ಬೇಕು, ಅದಕ್ಕಾಗಿ ಕಾದವರೂ ರೈತರೇ. ವಾದವಿರುವುದು ಕಥೆಯ ಬಗ್ಗೆ. ನೀರು ಒಂದೊಂದೇ ಮೀಟರು ಏರುವ ಊರು, ಎಲ್ಲಿಯವರೆಗೆ ಏರುತ್ತದೆಂದು ದಶಾಂಶದ ಮೂರನೆಯ ಸ್ಥಾನದವರೆಗೆ ಮೊದಲೇ ಬರೆದಿಟ್ಟಿರುವ ಕಾಗದ, ಮನೆಗೆ ಹೊಸ ಗಿಲಾಯಿ ಮಾಡಿಸಬೇಕೋ ಬೇಡವೋ ತಿಳಿಯದೆ ವರ್ಷಗಟ್ಟಲೆ ಕೂತ ಜನ: ಇದನ್ನು ವಿಜ್ಞಾನಕಥೆ ಮಾಡಿ ತೆರೆಗೆ ತಂದರೆ ಏನಾಗುತ್ತದೆ? ಸರ್ವಬೆರಕೆವಾದಿ ಅದರಲ್ಲಿ ಜಲಸಂಕಥನ ಹುಡುಕಿ ಪ್ರಬಂಧ ಮಂಡಿಸುತ್ತಾನೆ. ಪೂರ್ವಶುದ್ಧಿವಾದಿ ಹಾಸ್ಯ ಕಡಿಮೆಯಾಯಿತು, ರಾಜಕೀಯ ಜಾಸ್ತಿಯಾಯಿತು ಅನ್ನುತ್ತಾನೆ. ಸಂತ್ರಸ್ತರು ಮಾತ್ರ ತೆರೆಯ ಮೇಲಿನ ನೀರಿನ ಮಟ್ಟ ತಪ್ಪಿದ್ದರೆ ಅಲ್ಲಿಯೇ ಎದ್ದು ನಿಂತು ತಿದ್ದುತ್ತಾರೆ.